ಮರದೊಳಗಿನ ನೆರೆಹೊರೆ: ವಾರ್ಷಿಕ ಉಂಗುರಗಳಲ್ಲಿ ಸಸ್ಯಸಂಬಂಧದ ಚರಿತ್ರೆ



ಅಡ್ಡಲಾಗಿ ಕೊಯ್ದ ದಿಮ್ಮಿಯ ತುದಿಯಲ್ಲಿ ಒಂದರ ಸುತ್ತ ಒಂದು ಕಾಣುವ ಬಳೆಗಳಿಗೆ ವಾರ್ಷಿಕ ಉಂಗುರಗಳೆಂದು ಹೆಸರು. ಅವನ್ನು ಎಣಿಸಿದರೆ ಮರದ ವಯಸ್ಸು ತಿಳಿಯುತ್ತದೆ ಎಂಬುದು ಶಾಲೆಯಲ್ಲಿ ಕಲಿಸುವ ಪಾಠ. ಅಗಲವಾದ ಉಂಗುರ ಒಳ್ಳೆಯ ಮಳೆಯ ವರ್ಷದ್ದು, ಇಕ್ಕಟ್ಟಾದದ್ದು ಬರದ ವರ್ಷದ್ದು ಎಂಬುದು ಅದರ ಮುಂದಿನ ಪಾಠ. ಇವೆರಡರ ಆಚೆಗೆ ಮೂರನೆಯದೊಂದು ಪಾಠವಿದೆ. ಈ ಉಪನ್ಯಾಸದ ವಿಷಯ ಅದೇ. ಕಾಡಿನಲ್ಲಿ ನಿಂತ ಮರಕ್ಕೆ ಮಳೆಯಷ್ಟೇ ಮುಖ್ಯವಾದದ್ದು ಅದರ ನೆರೆಹೊರೆ. ಬೆಳಕನ್ನು ತಡೆದ ನೆರೆ, ನೀರನ್ನು ಮೊದಲೇ ಹೀರಿಕೊಂಡ ನೆರೆ, ಮಣ್ಣಿಗೆ ಸಾರಜನಕ ಕೂಡಿಸಿದ ನೆರೆ, ಒಂದು ರಾತ್ರಿ ಬಿರುಗಾಳಿಗೆ ಉರುಳಿ ಪಕ್ಕದ ಸಸಿಗೆ ಆಕಾಶ ತೆರೆದುಕೊಟ್ಟ ನೆರೆ, ಹೀಗೆ ಎಲ್ಲರ ಗುರುತೂ ಆ ಬಳೆಗಳ ಅಗಲದಲ್ಲಿ ಉಳಿದಿರುತ್ತದೆ. ಸಸ್ಯಗಳು ಒಂದರೊಡನೊಂದು ನಡೆಸುವ ಪೈಪೋಟಿಯನ್ನೂ ಒಂದಕ್ಕೊಂದು ಕೊಡುವ ಆಸರೆಯನ್ನೂ ನೂರಾರು ವರ್ಷ ಹಿಂದಕ್ಕೆ ಹೋಗಿ ಓದಲು ಇಷ್ಟು ಖಚಿತವಾದ ಬೇರೊಂದು ಸಾಧನ ಇಲ್ಲ.

ವಿಷಯವನ್ನು ಈ ಕ್ರಮದಲ್ಲಿ ಎತ್ತಿಕೊಳ್ಳಲಾಗಿದೆ. ಉಂಗುರದೊಳಗೆ ನೆರೆಯ ಪ್ರಭಾವ ಸೇರುವುದು ಹೇಗೆ ಎಂಬುದು ಮೊದಲು. ಪೈಪೋಟಿಯ ಗುರುತುಗಳು ಎರಡನೆಯದು; ಇದೇ ಹೆಚ್ಚು ವಿಸ್ತಾರವಾದ ಭಾಗ. ಮೂರನೆಯದು ಪರಸ್ಪರ ನೆರವಿನ ಗುರುತುಗಳು. ಕೊನೆಗೆ ಈ ಓದಿನ ಮಿತಿಗಳು ಮತ್ತು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಅದಕ್ಕಿರುವ ಅವಕಾಶ.

ತೊಗಟೆಗೂ ಮರಕ್ಕೂ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಅದು ಒಳಮುಖವಾಗಿ ಹೊಸ ಮರವನ್ನೂ ಹೊರಮುಖವಾಗಿ ಆಹಾರ ಸಾಗಿಸುವ ಅಂಗಾಂಶವನ್ನೂ ಹುಟ್ಟಿಸುತ್ತ ಹೋಗುತ್ತದೆ. ಬೆಳೆಯುವ ಕಾಲ ಆರಂಭವಾದಾಗ ಹುಟ್ಟುವ ಜೀವಕೋಶಗಳು ದೊಡ್ಡವು, ತೆಳುಗೋಡೆಯವು. ಕಾಲ ಮುಗಿಯುತ್ತ ಬಂದಂತೆ ಹುಟ್ಟುವವು ಚಿಕ್ಕವು, ದಪ್ಪಗೋಡೆಯವು. ಕಣ್ಣಿಗೆ ಕಪ್ಪಾಗಿ ಕಾಣುತ್ತವೆ. ಆಮೇಲೆ ಚಳಿಯೋ ಒಣಹವೆಯೋ ಬಂದು ಕ್ಯಾಂಬಿಯಂ ನಿದ್ರೆಗೆ ಹೋಗುತ್ತದೆ. ಮರುವರ್ಷದ ತೆಳುಗೋಡೆಯ ಕೋಶಗಳು ಹಿಂದಿನ ವರ್ಷದ ಕಪ್ಪು ಪಟ್ಟಿಗೆ ತಾಗಿ ಕೂರುವ ಜಾಗದಲ್ಲಿ ಗೆರೆ ಎದ್ದು ಕಾಣುತ್ತದೆ. ಒಂದು ಗೆರೆಯಿಂದ ಇನ್ನೊಂದು ಗೆರೆಯವರೆಗಿನದು ಒಂದು ವರ್ಷ.

ಮರ ತಾನು ತಯಾರಿಸಿದ ಆಹಾರವನ್ನು ಖರ್ಚು ಮಾಡುವುದರಲ್ಲಿ ಒಂದು ಸರದಿ ಇದೆ. ಉಸಿರಾಟ, ಹೊಸ ಎಲೆ, ಹೊಸ ಬೇರಿನ ತುದಿ, ಮೊಗ್ಗು ಇವುಗಳ ಪಾಲು ಮೊದಲು. ಕಾಂಡ ದಪ್ಪವಾಗುವುದು ಸರದಿಯ ಕೊನೆಯಲ್ಲಿ. ಬಡತನದ ಮನೆಯಲ್ಲಿ ಊಟ, ಔಷಧಿ, ಮಕ್ಕಳ ಶಾಲೆ ಎಲ್ಲ ಮುಗಿದ ಮೇಲೆ ಗೋಡೆಗೆ ಸುಣ್ಣ ಬಳಿಯುವ ಹಾಗೆ. ಹೀಗಾಗಿ ನೆರೆಯ ಮರ ಬೆಳಕನ್ನೋ ನೀರನ್ನೋ ಸ್ವಲ್ಪ ಕಸಿದುಕೊಂಡರೂ ಮೊದಲು ಸೊರಗುವುದು ಕಾಂಡದ ಉಂಗುರ. ಎತ್ತರದ ಬೆಳವಣಿಗೆ ಅಷ್ಟಾಗಿ ಕುಂದುವುದಿಲ್ಲ, ಸುತ್ತಳತೆ ಕುಂದುತ್ತದೆ. ನೆರಳಿನಲ್ಲಿ ಬಹುಕಾಲ ಸೊರಗಿದ ಮರದಲ್ಲಿ ಕೆಲವು ವರ್ಷ ಬುಡದವರೆಗೆ ಉಂಗುರವೇ ಇಳಿಯುವುದಿಲ್ಲ. ಮೇಲ್ಗಡೆಯ ಕಾಂಡದಲ್ಲಿದ್ದ ವರ್ಷ ಬುಡದಲ್ಲಿ ಕಾಣೆಯಾಗಿರುತ್ತದೆ. ಉಂಗುರವು ನೆರೆಹೊರೆಯ ಒತ್ತಡವನ್ನು ಸೂಕ್ಷ್ಮವಾಗಿ ತೋರಿಸುವುದು ಅದು ಸರದಿಯ ಕೊನೆಯಲ್ಲಿ ನಿಂತಿರುವುದರಿಂದಲೇ.

ಈ ವಿದ್ಯೆ ಹುಟ್ಟಿದ ಬಗೆಯನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಅದು ನೆರೆಹೊರೆಯನ್ನು ದೂರವಿಟ್ಟೇ ಹುಟ್ಟಿತು. ಆಂಡ್ರ್ಯೂ ಎಲಿಕಟ್ ಡಗ್ಲಸ್ ಮೂಲತಃ ಖಗೋಳವಿಜ್ಞಾನಿ. 1894ರಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ ಫ್ಲಾಗ್‌ಸ್ಟಾಫ್‌ಗೆ ಬಂದು ಲೋವೆಲ್ ವೀಕ್ಷಣಾಲಯದ ಕೆಲಸದಲ್ಲಿ ನಿಂತವರು. ಸೂರ್ಯನ ಕಲೆಗಳ ಹನ್ನೊಂದು ವರ್ಷದ ಆವರ್ತ ಭೂಮಿಯ ಹವೆಯಲ್ಲಿ ಕಾಣುವುದೇ ಎಂದು ಅವರಿಗೆ ತಿಳಿಯಬೇಕಿತ್ತು. ಹಳೆಯ ಹವಾಮಾನ ದಾಖಲೆ ಇಲ್ಲದ ಆ ಸೀಮೆಯಲ್ಲಿ ಅವರು ಪಾಂಡೆರೋಸಾ ಪೈನ್ ಮರಗಳ ಕಡೆ ತಿರುಗಿದರು. 1904ರಲ್ಲಿ ಮರದ ಡಿಪೋದಲ್ಲಿ ಬಿದ್ದಿದ್ದ ದಿಮ್ಮಿಗಳ ತುದಿಗಳನ್ನು ಅಳೆಯತೊಡಗಿದರು. ಒಂದು ಮರದ ಅಗಲ–ಇಕ್ಕಟ್ಟುಗಳ ಸಾಲು ಇನ್ನೊಂದು ಮರದ ಸಾಲಿಗೆ ಹೊಂದುವುದನ್ನು ಕಂಡು, ಮರದಿಂದ ಮರಕ್ಕೆ ತಾಳೆ ನೋಡುವ ಪದ್ಧತಿಯನ್ನು ನೆಲೆಗೊಳಿಸಿದರು. ಹಸ್ತಪ್ರತಿಗಳನ್ನು ತಾಳೆ ನೋಡಿ ಶುದ್ಧಪಾಠ ನಿರ್ಣಯಿಸುವ ಪಂಡಿತರ ಕೆಲಸವೇ ಇದು. ಒಂದು ಪ್ರತಿಯಲ್ಲಿ ಬಿಟ್ಟುಹೋದ ಸಾಲು ಇನ್ನೊಂದರಲ್ಲಿ ಸಿಗುತ್ತದೆ. ಒಂದು ಮರದಲ್ಲಿ ಕಾಣೆಯಾದ ವರ್ಷ ಇನ್ನೊಂದು ಮರದಲ್ಲಿ ಸಿಗುತ್ತದೆ. ಅಕಾಲದ ಒಣಹವೆಯಿಂದ ಒಂದೇ ವರ್ಷದಲ್ಲಿ ಮೂಡಿದ ಸುಳ್ಳು ಉಂಗುರವೂ ಹೀಗೆಯೇ ಬಯಲಾಗುತ್ತದೆ. 1929ರಲ್ಲಿ ಅರಿಜೋನಾದ ಶೋ ಲೋ ಎಂಬಲ್ಲಿ ಸಿಕ್ಕ ಸುಟ್ಟ ತೊಲೆಯೊಂದು ಜೀವಂತ ಮರಗಳ ಸಾಲನ್ನೂ ಪ್ರಾಚೀನ ಮನೆಗಳ ತೊಲೆಗಳ ಸಾಲನ್ನೂ ಬೆಸೆದು, ಅಲ್ಲಿನ ಮೂಲನಿವಾಸಿಗಳ ಕಟ್ಟಡಗಳಿಗೆ ಇಸವಿ ಕೊಟ್ಟಿತು. 1937ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಉಂಗುರಗಳ ಪ್ರಯೋಗಾಲಯವೇ ಸ್ಥಾಪನೆಯಾಯಿತು.

ಹವೆಯ ಚರಿತ್ರೆ ಬರೆಯುವವರಿಗೆ ನೆರೆಯ ಮರ ಒಂದು ತೊಡಕು. ಅವರು ಹುಡುಕುವುದು ಕಲ್ಲುಗುಡ್ಡದ ಇಳಿಜಾರಿನಲ್ಲಿ, ಒಣನೆಲದಲ್ಲಿ, ಒಂದಕ್ಕೊಂದು ದೂರದೂರ ನಿಂತ ಮರಗಳನ್ನು. ಅಂಥ ಮರಕ್ಕೆ ಮಳೆಯೊಂದೇ ಯಜಮಾನ. ದಟ್ಟ ಕಾಡಿನ ಮರ ಸಿಕ್ಕಿದರೂ ಅದರ ಉಂಗುರದ ಸಾಲಿನಿಂದ ನೆರೆಹೊರೆಯ ಏರಿಳಿತವನ್ನು ಗಣಿತದಿಂದ ಒರೆಸಿಹಾಕಿ, ಉಳಿದದ್ದನ್ನು ಮಾತ್ರ ಓದುತ್ತಾರೆ. ಎಡ್ವರ್ಡ್ ಕುಕ್ ಅವರು 1980ರ ದಶಕದಲ್ಲಿ ಇದನ್ನು ಒಂದು ಕೂಡಿಕೆಯ ಲೆಕ್ಕವಾಗಿ ಬರೆದಿಟ್ಟರು. ಒಂದು ವರ್ಷದ ಉಂಗುರ ಎಂದರೆ ವಯಸ್ಸಿನ ಪಾಲು, ಹವೆಯ ಪಾಲು, ಆ ಮರದ ಆಸುಪಾಸಿನ ಅವಘಡದ ಪಾಲು, ಇಡೀ ಕಾಡಿಗೆ ತಟ್ಟಿದ ಅವಘಡದ ಪಾಲು, ಮತ್ತು ವಿವರಣೆಗೆ ಸಿಗದ ಒಂದಿಷ್ಟು. ಹವಾಮಾನದ ಅಭ್ಯಾಸಿ ಎರಡನೆಯ ಪಾಲನ್ನು ಇಟ್ಟುಕೊಂಡು ಮಿಕ್ಕದ್ದನ್ನು ಗದ್ದಲವೆಂದು ಕಳೆಯುತ್ತಾನೆ. ಕಾಡಿನ ಸಂಬಂಧಗಳನ್ನು ಓದಬಯಸುವವನಿಗೆ ಮೂರನೆಯ ಮತ್ತು ನಾಲ್ಕನೆಯ ಪಾಲುಗಳೇ ಪಠ್ಯ. ಒಬ್ಬನು ಕಳೆದದ್ದನ್ನು ಇನ್ನೊಬ್ಬನು ಕೂಡಿಸಿಕೊಂಡಾಗ ಡೆಂಡ್ರೊಇಕಾಲಜಿ, ಅಂದರೆ ಉಂಗುರಗಳ ಮೂಲಕ ಜೀವಿಪರಿಸರವನ್ನು ಓದುವ ಶಾಸ್ತ್ರ, ಸ್ವತಂತ್ರವಾಗಿ ನಿಂತಿತು.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 19ನೆಯ ಶತಮಾನದ ಜರ್ಮನ್ ಅರಣ್ಯವಿಜ್ಞಾನಿ ಮ್ಯಾಕ್ಸ್ ಪ್ರೆಸ್ಲರ್ ಅವರ ಹೆಸರಿನ ಟೊಳ್ಳು ಬೈರಿಗೆಯನ್ನು ಕಾಂಡಕ್ಕೆ ತಿರುಗಿಸಿ ಹೊಕ್ಕಿಸಿದರೆ, ಸುಮಾರು 5 ಮಿಲಿಮೀಟರ್ ದಪ್ಪದ ಕಡ್ಡಿಯೊಂದು ತೊಗಟೆಯಿಂದ ತಿರುಳಿನವರೆಗಿನ ಎಲ್ಲ ವರ್ಷಗಳನ್ನೂ ಹೊತ್ತು ಹೊರಬರುತ್ತದೆ. ಮರ ಸಾಯುವುದಿಲ್ಲ. ಕಡ್ಡಿಯನ್ನು ಉಜ್ಜಿ ನಯ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಅಳೆಯುತ್ತಾರೆ.

ಇನ್ನು ಪೈಪೋಟಿಯ ಗುರುತುಗಳಿಗೆ ಬರಬಹುದು. ಇಲ್ಲಿ ಮುಖ್ಯವಾದ ಶಬ್ದ ‘ಬಿಡುಗಡೆ’. ಹಿರಿಯ ಮರಗಳ ಹಂದರದ ಕೆಳಗೆ ಸಿಕ್ಕಿಬಿದ್ದ ಸಸಿ ದಶಕಗಟ್ಟಲೆ ಕೂದಲೆಳೆಯಂಥ ಉಂಗುರಗಳನ್ನು ಹಾಕುತ್ತ ಕಾಯುತ್ತದೆ. ಮೇಲಿನ ಮರ ಬಿದ್ದ ವರ್ಷದಿಂದ, ಇಲ್ಲವೇ ಅದಾದ ಒಂದೆರಡು ವರ್ಷದಲ್ಲಿ, ಉಂಗುರಗಳು ಇದ್ದಕ್ಕಿದ್ದಂತೆ ಅಗಲವಾಗಿ, ಹಾಗೆಯೇ ಮುಂದುವರಿಯುತ್ತವೆ. ಒಳ್ಳೆಯ ಮಳೆಯೂ ಉಂಗುರವನ್ನು ಅಗಲಗೊಳಿಸುತ್ತದೆ, ಆದರೆ ಅದು ಒಂದೆರಡು ವರ್ಷದ ಮಾತು. ಅದೂ ಕಾಡಿನ ಎಲ್ಲ ಮರಗಳಲ್ಲಿ ಒಟ್ಟಿಗೆ ಕಾಣುವಂಥದ್ದು. ಬಿಡುಗಡೆ ದೀರ್ಘಕಾಲದ್ದು, ತೆರಪಿನ ಅಂಚಿನ ಮರಗಳಿಗೆ ಮಾತ್ರ ಸೇರಿದ್ದು. ಈ ವ್ಯತ್ಯಾಸವನ್ನು ಅಳತೆಗೆ ತಂದವರಲ್ಲಿ ಕ್ರೇಗ್ ಲೊರಿಮರ್ ಮತ್ತು ಲೀ ಫ್ರೆಲಿಚ್ ಪ್ರಮುಖರು. 1989ರಲ್ಲಿ ಅವರು ಸೂಚಿಸಿದಂತೆ, ಹಿಂದಿನ 15 ವರ್ಷದ ಸರಾಸರಿಗಿಂತ ಮುಂದಿನ 15 ವರ್ಷದ ಸರಾಸರಿ ಇಮ್ಮಡಿಯಾದರೆ ಅದು ದೊಡ್ಡ ಬಿಡುಗಡೆ, ಶೇ. 50ಕ್ಕಿಂತ ಹೆಚ್ಚಿದ್ದು ಇಮ್ಮಡಿಗಿಂತ ಕಡಿಮೆಯಾದರೆ ಮಧ್ಯಮ ಬಿಡುಗಡೆ. ಓಕ್ ಮರಗಳ ಮಟ್ಟಿಗೆ ಇದು ತೀರಾ ಬಿಗಿಯಾದ ಮಾನದಂಡವೆಂದು ಕಂಡದ್ದರಿಂದ ಗ್ರೆಗರಿ ನೊವಾಕಿ ಮತ್ತು ಮಾರ್ಕ್ ಏಬ್ರಮ್ಸ್ 1997ರಲ್ಲಿ 10 ವರ್ಷದ ಸರಾಸರಿ ಹಿಡಿದು ಶೇ. 25ರ ಏರಿಕೆಯನ್ನೇ ಸಾಕೆಂದು ಇಟ್ಟರು. ಮರದ ಜಾತಿ, ವಯಸ್ಸು, ಅದು ಹಂದರದಲ್ಲಿ ನಿಂತ ಎತ್ತರ ಇವುಗಳನ್ನು ನೋಡಿಯೇ ಮಾನದಂಡ ಹಾಕಬೇಕೆಂಬುದು ಈ ಎರಡರಿಂದಲೂ ಕಲಿಯಬೇಕಾದ ವಿವೇಕ.

ಕಾಯುವ ಮರಕ್ಕೆ ಉತ್ತಮ ಉದಾಹರಣೆ ಉತ್ತರ ಅಮೆರಿಕದ ಪೂರ್ವಭಾಗದ ಹೆಮ್ಲಾಕ್. ನೆರಳನ್ನು ಸಹಿಸುವ ಅದರ ಶಕ್ತಿ ಅಚ್ಚರಿ ಹುಟ್ಟಿಸುವಂಥದ್ದು. ಎರಡೂವರೆ ಸೆಂಟಿಮೀಟರ್ ದಪ್ಪವೂ ಇಲ್ಲದ ಹೆಮ್ಲಾಕ್ ನೂರು ವರ್ಷದ್ದಾಗಿರಬಹುದು. ಐದಾರು ಸೆಂಟಿಮೀಟರ್ ದಪ್ಪದ ‘ಸಸಿ’ ಇನ್ನೂರು ವರ್ಷದ್ದಾಗಿರಬಹುದು. ಕಣ್ಣಳತೆಗೆ ಮೊನ್ನೆ ಮೊಳೆತಂತೆ ಕಾಣುವ ಗಿಡ ಪಕ್ಕದ ದೈತ್ಯನ ಓರಗೆಯದು. ಗಾತ್ರವನ್ನು ನೋಡಿ ಕಾಡಿನ ವಯಸ್ಸು ಹೇಳುವ ಅಭ್ಯಾಸ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಲೊರಿಮರ್ ಮತ್ತು ಫ್ರೆಲಿಚ್ ಮಿಷಿಗನ್‌ನ ಉತ್ತರ ಭಾಗದ ಹಳೆಯ ಹೆಮ್ಲಾಕ್–ಮೇಪಲ್ ಕಾಡುಗಳಲ್ಲಿ ಇಂಥ ಬಿಡುಗಡೆಗಳನ್ನು ಒಟ್ಟುಹಾಕಿ ನೋಡಿದಾಗ, ಪ್ರತಿ ದಶಕದಲ್ಲಿ ಹಂದರದ ಶೇ. 6ರ ಆಸುಪಾಸಿನ ಭಾಗ ತೆರೆದುಕೊಳ್ಳುತ್ತ ಬಂದಿರುವುದು ತಿಳಿಯಿತು. ಅಲುಗಾಡದಂತೆ ಕಾಣುವ ಮುದಿಕಾಡು ಒಳಗೊಳಗೆ ಹೀಗೆ ತುಂಡುತುಂಡಾಗಿ ಹೊಸದಾಗುತ್ತಿರುತ್ತದೆ.

ಒಂದು ಜಾತಿಯೇ ಕಾಡಿನಿಂದ ಮರೆಯಾದಾಗ ಉಳಿದವು ಏನು ಮಾಡುತ್ತವೆ? ಅಮೆರಿಕದ ಚೆಸ್ಟ್‌ನಟ್ ಮರ ಈ ಪ್ರಶ್ನೆಗೆ ಬಲು ದುಬಾರಿಯಾದ ಉತ್ತರ ಕೊಟ್ಟಿತು. ಏಷ್ಯಾದಿಂದ ಬಂದ ಶಿಲೀಂಧ್ರವೊಂದು 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮರಗಳಲ್ಲಿ ಪತ್ತೆಯಾಯಿತು. 1950ರ ಹೊತ್ತಿಗೆ ಅದು ಮುನ್ನೂರರಿಂದ ನಾನ್ನೂರು ಕೋಟಿ ಮರಗಳನ್ನು ಕೊಂದಿತ್ತೆಂದು ಅಂದಾಜು. ಚೆಸ್ಟ್‌ನಟ್ ಪಕ್ಕ ನಿಂತಿದ್ದ ಓಕ್, ಕೆಂಪು ಮೇಪಲ್, ಹಿಕರಿ ಮರಗಳಿಂದ ತೆಗೆದ ಕಡ್ಡಿಗಳಲ್ಲಿ ಆ ಸಾವಿನ ವರ್ಷಗಳು ಬಿಡುಗಡೆಯಾಗಿ ಕಾಣಿಸುತ್ತವೆ. ರೋಗ ಯಾವ ಕಣಿವೆಗೆ ಯಾವಾಗ ತಲುಪಿತು, ತೆರಪನ್ನು ಯಾರು ಹಿಡಿದರು ಎಂಬುದನ್ನು ಚೆಸ್ಟ್‌ನಟ್ ಇಲ್ಲದ ಇಂದಿನ ಕಾಡಿನಿಂದಲೇ ಓದಬಹುದು. ಇಲ್ಲದವರ ಬಗ್ಗೆ ಇದ್ದವರು ಸಾಕ್ಷಿ ನುಡಿಯುವ ಈ ಗುಣ ಉಂಗುರಗಳ ಓದಿನಲ್ಲಿ ಬಹಳ ಬೆಲೆಯುಳ್ಳದ್ದು.

ಉರುಳುವ ಮರ ಇನ್ನೂ ನೇರವಾದ ಗುರುತು ಬಿಡುವುದುಂಟು. ಬೀಳುವಾಗ ಅದು ನೆರೆಯ ಕಾಂಡವನ್ನು ತರಚಿದರೆ, ಆ ಗಾಯ ಯಾವ ಉಂಗುರದಲ್ಲಿದೆಯೋ ಅದೇ ಬಿದ್ದ ವರ್ಷ. ನೆರೆಯ ಮರವನ್ನು ವಾಲಿಸಿ ಬಿದ್ದರೆ, ವಾಲಿದ ಮರ ನೆಟ್ಟಗಾಗಲು ಒಂದು ಮಗ್ಗುಲಲ್ಲಿ ಬೇರೆ ಬಗೆಯ ಮರವನ್ನು ಬೆಳೆಸುತ್ತದೆ. ಪೈನ್ ಜಾತಿಗಳಲ್ಲಿ ಅದು ವಾಲಿದ ಕಡೆಯ ಕೆಳಬದಿಯಲ್ಲಿ, ಅಗಲ ಎಲೆಯ ಮರಗಳಲ್ಲಿ ಮೇಲುಬದಿಯಲ್ಲಿ. ಉಂಗುರಗಳು ಒಂದು ಕಡೆ ಉಬ್ಬತೊಡಗಿದ ವರ್ಷವೇ ವಾಲಿದ ವರ್ಷ. ಇಂಥ ಎಲ್ಲ ಗುರುತುಗಳನ್ನೂ ಕೂಡಿಸಿ ಓದಿದವರು ಹೆನ್ರಿ ಮತ್ತು ಸ್ವಾನ್. ನ್ಯೂ ಹ್ಯಾಂಪ್‌ಶೈರಿನ ನೈಋತ್ಯದ ಹಳೆಯ ಕಾಡಿನಲ್ಲಿ ಅವರು ಎತ್ತಿಕೊಂಡದ್ದು ಎಕರೆಯ ಹತ್ತರಲ್ಲೊಂದು ಪಾಲು, ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ. ಅಷ್ಟು ನೆಲದ ಜೀವಂತ ಮರ, ನಿಂತೇ ಸತ್ತ ಮರ, ಬಿದ್ದ ಮರ, ಮಣ್ಣಿನಲ್ಲಿ ಹೂತುಹೋಗಿದ್ದ ತುಂಡು ಎಲ್ಲವನ್ನೂ ಬಿಡದೆ ಅಗೆದು ನೋಡಿ, 1665ರ ಸುಮಾರಿನ ಬೆಂಕಿಯಿಂದ 1938ರ ಚಂಡಮಾರುತದವರೆಗೆ ಮತ್ತು ಅದರಾಚೆಗೂ ಆ ಕಾಡಿನ ಕಥೆಯನ್ನು 1974ರಲ್ಲಿ ಪ್ರಕಟಿಸಿದರು. ನಾಲ್ಕು ಗುಂಟೆಯಲ್ಲಿ ಮೂರು ಶತಮಾನ! ಇದನ್ನು ಮೀರಿಸುವ ತಾಳ್ಮೆಯ ಕೆಲಸ ಈ ಶಾಸ್ತ್ರದಲ್ಲಿ ಅಪರೂಪ.

ಈಗ ಎತ್ತಿಕೊಳ್ಳುವ ಉದಾಹರಣೆ ಡಗ್ಲಸ್ ಅವರ ಊರಿಗೇ ಮರಳುತ್ತದೆ. ಫ್ಲಾಗ್‌ಸ್ಟಾಫ್ ಸಮೀಪದ ಫೋರ್ಟ್ ವ್ಯಾಲಿಯಲ್ಲಿ 1908ರಲ್ಲಿ ಅಮೆರಿಕದ ಮೊದಲ ಅರಣ್ಯ ಪ್ರಯೋಗಕೇಂದ್ರ ಆರಂಭವಾಯಿತು. ಅಲ್ಲಿನ ಪಾಂಡೆರೋಸಾ ಪೈನ್ ಕಾಡು ಬಿಳಿಯರು ಬರುವ ಮೊದಲು ತೋಪಿನಂತೆ ತೆರೆದುಕೊಂಡಿತ್ತು. ದೊಡ್ಡ ಮರಗಳು ದೂರದೂರ ನಿಂತಿದ್ದವು, ನಡುವೆ ಹುಲ್ಲುಗಾವಲು. ಕೆಲವೇ ವರ್ಷಗಳಿಗೊಮ್ಮೆ ಸಿಡಿಲಿನಿಂದ ಹುಲ್ಲಿಗೆ ಬೆಂಕಿ ಬೀಳುತ್ತಿತ್ತು. ನೆಲದ ಮಟ್ಟದಲ್ಲೇ ಹರಿದು ಹೋಗುತ್ತಿತ್ತು. ದಪ್ಪ ತೊಗಟೆಯ ಹಿರಿಯ ಮರ ಬುಡದಲ್ಲಿ ಗಾಯ ಮಾತ್ರ ಹೊತ್ತು ಬದುಕುತ್ತಿತ್ತು. ಆ ಗಾಯಗಳು ಉಂಗುರದೊಳಗೆ ಇಸವಿ ಸಮೇತ ಉಳಿದಿವೆ. ಪೈನ್ ಸಸಿಗಳ ಗತಿ ಬೇರೆ. ಒಂದು ಕಡೆ ಹುಲ್ಲಿನ ಬೇರು ಮೇಲ್ಮಣ್ಣಿನ ತೇವವನ್ನು ಅವಕ್ಕಿಂತ ಮೊದಲು ಹೀರುತ್ತಿತ್ತು, ಇನ್ನೊಂದು ಕಡೆ ಹುಲ್ಲು ಹೊತ್ತುಕೊಂಡ ಬೆಂಕಿ ಅವನ್ನು ಸುಡುತ್ತಿತ್ತು. ಹುಲ್ಲು ಮತ್ತು ಪೈನ್ ನಡುವಿನ ಈ ಪೈಪೋಟಿಯಲ್ಲಿ ಹುಲ್ಲಿನ ಕೈ ಮೇಲಿತ್ತು. ಆ ಹುಲ್ಲೇ ಹಿರಿಯ ಪೈನ್‌ಗಳನ್ನು ತಮ್ಮದೇ ಸಂತಾನದ ಇಕ್ಕಟ್ಟಿನಿಂದ ಕಾಯುತ್ತಿತ್ತು.

1882ರಲ್ಲಿ ಫ್ಲಾಗ್‌ಸ್ಟಾಫ್‌ಗೆ ರೈಲು ಬಂತು. ಕುರಿ ದನಗಳ ಹಿಂಡುಗಳು ಹೆಚ್ಚಿ ಹುಲ್ಲನ್ನು ಬುಡದವರೆಗೆ ಮೇಯ್ದವು. ಹುಲ್ಲಿಲ್ಲದೆ ಬೆಂಕಿ ಹರಿಯಲಿಲ್ಲ. ಹರಿದದ್ದನ್ನು ಅರಣ್ಯ ಇಲಾಖೆ ನಂದಿಸಿತು. ಫೋರ್ಟ್ ವ್ಯಾಲಿಯ ಮರಗಳಲ್ಲಿ ಬೆಂಕಿಯ ಕೊನೆಯ ಗಾಯ 1876ರದ್ದು; ಆಮೇಲೆ ಆ ಸಾಲು ನಿಂತುಹೋಗಿದೆ. 1918ರಲ್ಲಿ ಬೀಜ ಹೇರಳವಾಗಿ ಬಿತ್ತು, 1919ರಲ್ಲಿ ತೇವ ಚೆನ್ನಾಗಿತ್ತು. ಲೆಕ್ಕವಿಲ್ಲದಷ್ಟು ಸಸಿಗಳು ಒಂದೇ ವರ್ಷ ಎದ್ದವು. ಅಲ್ಲಿನ ಸಣ್ಣ ಮರಗಳ ಕಡ್ಡಿ ತೆಗೆದರೆ ಒಂದರ ಹಿಂದೆ ಒಂದು 1919ಕ್ಕೇ ಹೋಗಿ ಮುಟ್ಟುತ್ತವೆ. ಬೆಳಕಿಗೂ ನೀರಿಗೂ ಒಂದನ್ನೊಂದು ನೂಕುತ್ತ ಅವು ಬೆರಳಗಲದ ಜಾಗವನ್ನೂ ಬಿಡದೆ ತುಂಬಿಕೊಂಡವು. ಅವುಗಳ ನಡುವೆ ಸಿಕ್ಕ ಮುದಿಮರಗಳ ಉಂಗುರಗಳು 20ನೆಯ ಶತಮಾನದುದ್ದಕ್ಕೂ ತೆಳುವಾಗುತ್ತ ಬಂದವು.

ಆದರೆ ಮುದಿಮರ ಮುಪ್ಪಿನಿಂದಲೂ ತೆಳು ಉಂಗುರ ಹಾಕುತ್ತದೆ, ಬರದಿಂದಲೂ ಹಾಕುತ್ತದೆ. ನೆರೆಯ ಇಕ್ಕಟ್ಟೇ ಕಾರಣವೆಂದು ಹೇಳುವುದು ಹೇಗೆ? ಇಲ್ಲಿ ಫೋರ್ಟ್ ವ್ಯಾಲಿಯ ನಿಜವಾದ ಹೆಚ್ಚುಗಾರಿಕೆ ಕಾಣುತ್ತದೆ. 1990ರ ದಶಕದ ಆರಂಭದಲ್ಲಿ ಉತ್ತರ ಅರಿಜೋನಾ ವಿಶ್ವವಿದ್ಯಾಲಯದ ವಾಲೇಸ್ ಕವಿಂಗ್ಟನ್ ಮತ್ತು ಸಂಗಡಿಗರು ಅಲ್ಲಿನ ಪಿಯರ್ಸನ್ ತಾಕಿನಲ್ಲಿ, ಹಳೆಯ ಬುಡಗಳ ಮತ್ತು ಉಂಗುರಗಳ ಸಾಕ್ಷ್ಯದ ಪ್ರಕಾರ 1876ರಲ್ಲಿ ಕಾಡು ಹೇಗಿತ್ತೋ ಅದರ ಸಮೀಪಕ್ಕೆ ಬರುವಂತೆ ಎಳೆಯ ಮರಗಳನ್ನು ಕಡಿಸಿದರು. ಕೆಲವು ತಾಕುಗಳನ್ನು ಮುಟ್ಟದೆ ಹೋಲಿಕೆಗೆ ಬಿಟ್ಟರು. ಕಡಿಸಿದ ಕಡೆ ಮುದಿಮರಗಳ ಉಂಗುರಗಳು ಮತ್ತೆ ಅಗಲವಾದವು. ಸುತ್ತ ಹುಲ್ಲು ಮರಳಿ ಬಂತು. ಹವೆ ಎರಡೂ ಕಡೆ ಒಂದೇ, ವಯಸ್ಸೂ ಒಂದೇ. ಬದಲಾದದ್ದು ನೆರೆಹೊರೆ ಮಾತ್ರ. ಕಡ್ಡಿಯಲ್ಲಿ ಓದಿದ್ದನ್ನು ನೆಲದ ಮೇಲೆ ಪ್ರಯೋಗ ಮಾಡಿ ಪರೀಕ್ಷಿಸಿದ ಇಂಥ ಉದಾಹರಣೆಗಳ ಮೇಲೆಯೇ ಈ ಶಾಸ್ತ್ರದ ವಿಶ್ವಾಸಾರ್ಹತೆ ನಿಂತಿದೆ. ಪ್ರಯೋಗವಿಲ್ಲದ ಕಡೆ ಬರೀ ತೆಳು ಉಂಗುರ ನೋಡಿ ನೆರೆಯ ಮೇಲೆ ಆರೋಪ ಹೊರಿಸುವುದು ಅವಸರದ ತೀರ್ಪು.

ಮೂರನೆಯ ವಿಷಯ ನೆರವಿನದು. ಸಸ್ಯಗಳ ನಡುವೆ ಇರುವುದೆಲ್ಲ ಕಿತ್ತಾಟವೇ ಎಂಬ ಭಾವನೆ ಬಹುಕಾಲ ಬೇರೂರಿತ್ತು. 1994ರಲ್ಲಿ ಮಾರ್ಕ್ ಬರ್ಟ್‌ನೆಸ್ ಮತ್ತು ರೇಗನ್ ಕ್ಯಾಲವೇ ಮಂಡಿಸಿದ ವಿಚಾರ, ಪರಿಸರ ಕಠಿಣವಾದಷ್ಟೂ ಸಸ್ಯಗಳ ನಡುವೆ ನೆರವಿನ ಪಾಲು ಹೆಚ್ಚುತ್ತದೆ ಎಂಬುದು. ಹಾಗಾದರೆ ಒಂದೇ ಜೋಡಿ ಮರಗಳು ಒಳ್ಳೆಯ ವರ್ಷ ಪೈಪೋಟಿ ನಡೆಸಿ ಕೆಟ್ಟ ವರ್ಷ ಆಸರೆಯಾಗುವುದೂ ಸಾಧ್ಯ. ಇದನ್ನು ವರ್ಷ ವರ್ಷ ಬಿಡಿಸಿ ನೋಡಲು ಉಂಗುರಕ್ಕಿಂತ ತಕ್ಕ ಸಾಕ್ಷಿ ಬೇರಿಲ್ಲ. ಹಾನ್ಸ್ ಪ್ರೆಚ್ ಮತ್ತು ಸಂಗಡಿಗರು ದಕ್ಷಿಣ ಜರ್ಮನಿಯಲ್ಲಿ ಬೀಚ್, ಓಕ್, ಸ್ಪ್ರೂಸ್ ಮರಗಳನ್ನು ಒಂಟಿ ಜಾತಿಯ ತೋಪಿನಲ್ಲೂ ಬೆರಕೆ ತೋಪಿನಲ್ಲೂ ಹೋಲಿಸಿದರು. 1976 ಮತ್ತು 2003 ಯೂರೋಪಿನ ಘೋರ ಬರದ ವರ್ಷಗಳು. ಬರದ ವರ್ಷದ ಉಂಗುರ ಅದಕ್ಕೆ ಮೊದಲಿನ ವರ್ಷಗಳ ಸರಾಸರಿಗಿಂತ ಎಷ್ಟು ಕುಗ್ಗಿತು, ಆಮೇಲೆ ಎಷ್ಟು ಬೇಗ ಚೇತರಿಸಿತು ಎಂಬುದೇ ಅವರ ಅಳತೆಗೋಲು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೆರಕೆ ತೋಪಿನ ಬೀಚ್, ಅದರಲ್ಲೂ ಓಕ್ ಪಕ್ಕದ ಬೀಚ್, ಬರವನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡಿತು. ಓಕ್ ಮತ್ತು ಸ್ಪ್ರೂಸ್‌ಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆಳಕ್ಕಿಳಿದ ಓಕ್ ಬೇರು ರಾತ್ರಿಯ ಹೊತ್ತು ಕೆಳಗಿನ ನೀರನ್ನು ಮೇಲ್ಮಣ್ಣಿಗೆ ತಂದು ಬಿಡುವುದು ಇದಕ್ಕೆ ಒಂದು ಕಾರಣವಿರಬಹುದೆಂದು ಅವರ ಊಹೆ. ಲಾಭ ಇಬ್ಬರಿಗೂ ಸಮವಾಗಿ ಬಂದಿಲ್ಲವೆಂಬುದನ್ನು ಮರೆಯಬಾರದು. ಬೆರಕೆ ತೋಪು ಎಲ್ಲ ಮರಕ್ಕೂ ಒಳ್ಳೆಯದೆಂಬ ಘೋಷಣೆಗೆ ಈ ಉಂಗುರಗಳು ಸಹಿ ಹಾಕುವುದಿಲ್ಲ.

ಮಣ್ಣಿನ ಪಾಲೂ ಇದರಲ್ಲಿದೆ. ವಾಷಿಂಗ್ಟನ್ ರಾಜ್ಯದ ವಿಂಡ್ ರಿವರ್ ಎಂಬಲ್ಲಿ 1933ರಲ್ಲಿ ಎಳೆಯ ಡಗ್ಲಸ್ ಫರ್ ತೋಪಿನ ಒಂದು ಪಟ್ಟಿಯಲ್ಲಿ ಕೆಂಪು ಆಲ್ಡರ್ ಗಿಡಗಳನ್ನು ನೆಟ್ಟರು. ಆಲ್ಡರ್ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಸೂಕ್ಷ್ಮಜೀವಿಗಳಿವೆ. ಸಾರಜನಕದ ಬಡತನವಿದ್ದ ಆ ಮಣ್ಣಿನಲ್ಲಿ ಆಲ್ಡರ್ ಜೊತೆಗಿನ ಫರ್ ಮರಗಳು ಒಂಟಿ ತೋಪಿನವುಗಳಿಗಿಂತ ಚೆನ್ನಾಗಿ ಬೆಳೆದವು. ಒರೆಗಾನ್ ಕರಾವಳಿಯ ಕ್ಯಾಸ್ಕೇಡ್ ಹೆಡ್‌ನ ಫಲವತ್ತಾದ ಮಣ್ಣಿನಲ್ಲಿ ಅದೇ ಆಲ್ಡರ್ ಫರ್ ಮರಗಳನ್ನು ತನ್ನ ನೆರಳಿನಲ್ಲಿ ಅದುಮಿತು. ನೆರೆಯೊಂದೇ, ನೆಲ ಬೇರೆ, ಫಲ ತಿರುವುಮುರುವು. ಇಲ್ಲಿ ತಿಳಿವು ಬಂದದ್ದು ಹಲವು ದಶಕ ಬಿಡದೆ ಸುತ್ತಳತೆ ಹಿಡಿದದ್ದರಿಂದ. ಹಾಗೆ ಯಾರೂ ಅಳೆಯದ ಕಾಡಿನಲ್ಲಿ ಉಂಗುರವೇ ಆ ದಶಕಗಳ ಅಳತೆಪುಸ್ತಕ.

ನೆಲದೊಳಗಿನ ನಂಟಿಗೆ ಒಂದು ಉದಾಹರಣೆ ಸಾಕು. ಕಡಿದ ಡಗ್ಲಸ್ ಫರ್ ಮರದ ಬುಡ ಕೆಲವೆಡೆ ಒಂದು ಎಲೆಯೂ ಇಲ್ಲದೆ ಜೀವಂತವಾಗಿರುತ್ತದೆ. ಕೊಯ್ದು ನೋಡಿದರೆ ಕಡಿದ ವರ್ಷದ ಆಚೆಗೂ ಉಂಗುರಗಳು ಮುಂದುವರಿದಿರುತ್ತವೆ. ಪಕ್ಕದ ಮರದ ಬೇರಿಗೆ ಅದರ ಬೇರು ಬೆಸೆದುಕೊಂಡು, ಅಲ್ಲಿಂದ ಆಹಾರ ಬರುತ್ತಿರುತ್ತದೆ. ಆ ಉಂಗುರಗಳು ಸಂಪೂರ್ಣವಾಗಿ ನೆರೆಯ ಅನ್ನದಿಂದ ಕಟ್ಟಿದವು.

ಮರಗಳಿಗೆ ಮಾತ್ರ ಈ ವಿದ್ಯೆ ಮೀಸಲಲ್ಲ. ಋತುಗಳು ಸ್ಪಷ್ಟವಾಗಿ ಬೇರೆಯಾಗಿರುವ ಸೀಮೆಯ ಬಹುವಾರ್ಷಿಕ ಸಣ್ಣ ಗಿಡಗಳ ಬೇರಿನ ಬುಡದಲ್ಲೂ ಉಂಗುರಗಳಿವೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಶ್ವೈನ್‌ಗ್ರೂಬರ್ ಮತ್ತಿತರರು ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ. ಇದರಿಂದ ಮರವಿಲ್ಲದ ಎತ್ತರದ ಹುಲ್ಲುಗಾವಲುಗಳಲ್ಲೂ, ಧ್ರುವಸಮೀಪದ ಕುಳ್ಳ ಪೊದೆಗಳಲ್ಲೂ ಯಾರು ಮೊದಲು ಬಂದರು, ಯಾರು ಯಾರನ್ನು ಹಿಂದಿಕ್ಕಿದರು ಎಂದು ಓದುವ ದಾರಿ ತೆರೆದಿದೆ.

ಇನ್ನು ಕೊನೆಯ ಭಾಗ. ಈ ಓದಿಗೆ ದೊಡ್ಡ ಅಡ್ಡಿ, ಸತ್ತ ನೆರೆಯವರು ಕೊಳೆತು ಮಾಯವಾಗುವುದು. ಒಂದು ತಾಕಿನ ಎಲ್ಲ ಮರಗಳ ಕಡ್ಡಿ ತೆಗೆದು, ಹೊರಗಿನ ಉಂಗುರಗಳನ್ನು ಒಂದೊಂದಾಗಿ ಕಳೆಯುತ್ತ ಹೋದರೆ, 1950ರಲ್ಲಿ ಪ್ರತಿ ಮರದ ದಪ್ಪ ಎಷ್ಟಿತ್ತೆಂದು ತಿಳಿಯುತ್ತದೆ. ನೆರೆಯ ದಪ್ಪವನ್ನು ತನ್ನ ದಪ್ಪದಿಂದ ಮತ್ತು ನಡುವಿನ ದೂರದಿಂದ ಭಾಗಿಸಿ, ಎಲ್ಲ ನೆರೆಗಳಿಗೂ ಕೂಡಿಸಿದರೆ ಆ ವರ್ಷದ ಇಕ್ಕಟ್ಟಿನ ಸೂಚ್ಯಂಕ ಸಿಗುತ್ತದೆ. 1974ರಿಂದ ಇದು ಹೆಗಿ ಸೂಚ್ಯಂಕವೆಂದು ಬಳಕೆಯಲ್ಲಿದೆ. ಆದರೆ 1950ರಲ್ಲಿ ಇದ್ದು 1970ರಲ್ಲಿ ಸತ್ತು ಮಣ್ಣಾದ ಮರ ಲೆಕ್ಕಕ್ಕೆ ಬರುವುದಿಲ್ಲ. ಹಿಂದಕ್ಕೆ ಹೋದಂತೆ ಕಾಡು ಇದ್ದದ್ದಕ್ಕಿಂತ ವಿರಳವಾಗಿ ಕಾಣುತ್ತದೆ. ಹೆನ್ರಿ ಮತ್ತು ಸ್ವಾನ್ ಮಣ್ಣು ಅಗೆದದ್ದು ಇದಕ್ಕಾಗಿಯೇ.

ಎರಡನೆಯ ತೊಡಕು, ಇಕ್ಕಟ್ಟಾದ ಉಂಗುರದ ಕಾರಣ ಯಾವುದೆಂದು ಬಿಡಿಸುವುದು. ನೆರಳೋ, ನೀರಿನ ಕೊರತೆಯೋ? ಮರದ ಇಂಗಾಲವೇ ಇದಕ್ಕೆ ಸುಳಿವು ಕೊಡುತ್ತದೆ. ನೀರು ಸಾಲದಾದಾಗ ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಕಟ್ಟಿದ ಮರದಲ್ಲಿ ಭಾರದ ಇಂಗಾಲ–13ರ ಪಾಲು ಏರುತ್ತದೆ. ನೆರಳಿನಲ್ಲಿ ಬೆಳೆದಾಗ ಆ ಪಾಲು ಇಳಿಯುತ್ತದೆ. ಹಾಗಾಗಿ ಒಂದೇ ಅಗಲದ ಎರಡು ಉಂಗುರಗಳು ಎರಡು ಬೇರೆ ಪೈಪೋಟಿಗಳ ಗುರುತಾಗಿರಬಹುದು, ಮತ್ತು ಅವನ್ನು ಬೇರ್ಪಡಿಸಬಹುದು. ಪರಾವಲಂಬಿ ಬಂದಳಿಕೆಯ ವಿಷಯದಲ್ಲಿ ಸಾಕ್ಷ್ಯ ಇನ್ನೂ ಸರಳ. ಬಂದಳಿಕೆ ಆಸರೆಯ ಮರದೊಳಗೆ ಬೇರಿನಂಥ ಮೊಳೆಗಳನ್ನು ಇಳಿಸುತ್ತದೆ. ಮರ ವರ್ಷವರ್ಷ ಹೊಸ ಉಂಗುರ ಹಾಕಿದಂತೆ ಆ ಮೊಳೆಗಳು ಅದರೊಳಗೆ ಹೂತುಕೊಳ್ಳುತ್ತ ಹೋಗುತ್ತವೆ. ಮೊಳೆಯ ತುದಿ ಯಾವ ಉಂಗುರವನ್ನು ಮುಟ್ಟಿದೆಯೋ ಅದರಿಂದ ಬಂದಳಿಕೆ ಹತ್ತಿದ ವರ್ಷವನ್ನು ಎಣಿಸಬಹುದು.

ನಮ್ಮ ಕಾಡುಗಳ ಮಟ್ಟಿಗೆ ಹೇಳುವುದಾದರೆ, ವರ್ಷವಿಡೀ ಹಸಿರಾಗಿರುವ ಮಳೆಕಾಡಿನ ಬಹುಪಾಲು ಮರಗಳಲ್ಲಿ ಉಂಗುರ ಅಸ್ಪಷ್ಟ. ಅಂಥವುಗಳ ವಯಸ್ಸಿಗೆ ರೇಡಿಯೋ ಇಂಗಾಲದ ಮೊರೆ ಹೋಗಬೇಕು; 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಹೆಚ್ಚುವರಿ ಇಂಗಾಲ–14 ಆ ಕಾಲದ ಮರದಲ್ಲಿ ಗುರುತಾಗಿ ನಿಂತಿದೆ. ಎಲೆಯುದುರುವ ಕಾಡಿನ ಸ್ಥಿತಿ ಬೇರೆ. ಬೇಸಿಗೆಯಲ್ಲಿ ಎಲೆ ಕಳಚಿ ಮುಂಗಾರಿನೊಡನೆ ಚಿಗುರುವ ತೇಗ, ಬೆಳವಣಿಗೆಯ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು ಹಾಕಿ ವರ್ಷವನ್ನು ಸ್ಪಷ್ಟವಾಗಿ ಬರೆದಿಡುತ್ತದೆ. ಭಾರತೀಯ ಮರಗಳಲ್ಲಿ ಉಂಗುರ ಮೂಡುವ ಬಗೆಯನ್ನು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಕೆ. ಎ. ಚೌಧುರಿ 1939–40ರಲ್ಲೇ ಅಭ್ಯಸಿಸಿದ್ದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಎಚ್. ಪಿ. ಬೋರ್‌ಗಾಂವ್ಕರ್ ಮತ್ತು ಸಂಗಡಿಗರು ಕೇರಳದ ತೇಗದಿಂದ 523 ವರ್ಷಗಳ ಉಂಗುರದ ಸಾಲು ಕಟ್ಟಿ, ಎಲ್ ನಿನೊ ಮತ್ತು ಮುಂಗಾರಿನ ಬರಗಳನ್ನು ಅದರಲ್ಲಿ 2010ರಲ್ಲಿ ಗುರುತಿಸಿದರು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಪಶ್ಚಿಮಘಟ್ಟದ ತೇಗದ ಉಂಗುರಗಳ ಅಧ್ಯಯನ ನಡೆದಿದೆ. ಈ ಕೆಲಸಗಳ ಒಲವು ಮುಖ್ಯವಾಗಿ ಮಳೆಯ ಚರಿತ್ರೆಯ ಕಡೆಗೆ. ತೇಗದ ಪಕ್ಕ ನಿಂತ ಮತ್ತಿ, ಹೊನ್ನೆ, ಬೀಟೆ, ನಂದಿಗಳೊಡನೆ ಅದು ನಡೆಸಿದ ವ್ಯವಹಾರವನ್ನು ಓದುವ ಕೆಲಸಕ್ಕೆ ಅದೇ ಉಂಗುರಗಳು ಕಾದಿವೆ.

ಆ ಕೆಲಸಕ್ಕೆ ಬೇಕಾದ ಒಂದು ಸಂಗತಿ ನಮ್ಮ ಕೈಯಲ್ಲೇ ಇದೆ. ಗಾಳಿಗೆ ಬಿದ್ದ ಹಳೆಯ ತೇಗ ನಾಟಾ ಡಿಪೋ ಸೇರಿ ಹರಾಜಾಗುವಾಗ ಅದರ ಉದ್ದ, ಸುತ್ತಳತೆ, ನಂಬರು ದಾಖಲಾಗುತ್ತವೆ. ಅದರ ನೆರೆಹೊರೆಗೆ ಆ ಪುಸ್ತಕದಲ್ಲಿ ಕಾಲಂ ಇಲ್ಲ. ಈ ಸಭೆಯಲ್ಲಿರುವ ಅರಣ್ಯಾಧಿಕಾರಿಗಳಲ್ಲಿ, ಸಸ್ಯಶಾಸ್ತ್ರದ ಅಧ್ಯಾಪಕರಲ್ಲಿ ಒಂದು ವಿನಂತಿ: ಹಳೆಯ ಮರ ಬಿದ್ದ ಕಡೆ, ದಿಮ್ಮಿ ಸಾಗುವ ಮೊದಲು, ಬುಡದಿಂದ ನಾಲ್ಕು ಬೆರಳು ದಪ್ಪದ ಒಂದು ಬಿಲ್ಲೆ ಕೊಯ್ಯಿಸಿ ಇಡಬೇಕು, ಬಿದ್ದ ದಿನಾಂಕ, ಬಿದ್ದ ದಿಕ್ಕು, ಸುತ್ತಲಿನ ಹತ್ತು ಮಾರು ದೂರದಲ್ಲಿ ನಿಂತಿರುವ ಪ್ರತಿ ಮರದ ಹೆಸರು, ದಪ್ಪ ಮತ್ತು ದೂರ ಇಷ್ಟನ್ನು ಅದರ ಜೊತೆಗೆ ಬರೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಪ್ಪಿಸಬೇಕು.